ಸ್ವರ್ಣಕ್ಕ ತೊಳೆದ ಸಿಗಡಿ ಸಿಪ್ಪೆ

ಮಣಿಪಾಲದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಒತ್ತಡದ ಯಂತ್ರ ನಡೆಸುವವನು ನಾನು. ಹೆಸರು ಕರುಣಾಕರ, ಊರು ಕಾಪು. ಹತ್ತೊಂಬತ್ತು ವರ್ಷಗಳಲ್ಲಿ ನನ್ನ ಕಣ್ಣೆದುರೇ ಹನ್ನೊಂದು ಮಂದಿ ಡಾಕ್ಟರೇಟ್ ಮಾಡಿಕೊಂಡು ಹೋದರು. ಅವರಲ್ಲಿ ಒಬ್ಬರಿಗೂ ಆ ಯಂತ್ರದ ಮುಚ್ಚಳವನ್ನು ಸರಿಯಾಗಿ ತಿರುಗಿಸಲು ಬರುತ್ತಿರಲಿಲ್ಲ. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಸ್ವಲ್ಪ ಹೊಟ್ಟೆಕಿಚ್ಚು ಇರಬಹುದು, ಆದರೆ ಮಾತು ನಿಜ.

ಯಂತ್ರದ ಕೆಲಸ ವಿವರಿಸುವುದು ಸುಲಭ. ಸೋಡಾ ಬಾಟಲಿಯಲ್ಲಿ ಗುಳುಗುಳು ಎನ್ನುವ ಅನಿಲವನ್ನೇ ಉಕ್ಕಿನ ಕೊಳವೆಯೊಳಗೆ ತುಂಬಿ, ಒಂದಿಷ್ಟು ಸ್ಪಿರಿಟ್ ಸೇರಿಸಿ, ಬಿಸಿ ಮಾಡಿ ಒತ್ತುತ್ತಾ ಹೋಗಬೇಕು. ಅಡುಗೆಮನೆಯ ಕುಕ್ಕರಿಗಿಂತ ನೂರಾರು ಪಟ್ಟು ಒತ್ತಿದಾಗ ಅದು ಗಾಳಿಯೂ ಅಲ್ಲದ, ನೀರೂ ಅಲ್ಲದ ಒಂದು ಸ್ಥಿತಿಗೆ ಬರುತ್ತದೆ. ಒಣಗಿಸಿ ಪುಡಿ ಮಾಡಿದ ಸಿಗಡಿ ಸಿಪ್ಪೆಯನ್ನು ಅದರೊಳಗಿಟ್ಟರೆ ಸಂದುಸಂದಿಗೆ ನುಗ್ಗಿ ಒಳಗಿನ ಕೆಂಪನ್ನು ಹೊತ್ತು ತರುತ್ತದೆ. ಒತ್ತಡ ಬಿಟ್ಟರೆ ಅನಿಲ ಹಾರಿಹೋಗಿ ತಳದಲ್ಲಿ ನಾಲ್ಕು ಹನಿ ಕೆಂಪೆಣ್ಣೆ ಉಳಿಯುತ್ತದೆ. ಔಷಧಿ ಮಾಡುವವರಿಗೆ, ಮುಖದ ಕ್ರೀಮಿನವರಿಗೆ ಆ ಹನಿಗಳು ಬೇಕು. ಇಷ್ಟನ್ನು ಊರಿನಲ್ಲಿ ಯಾರಿಗೆ ಹೇಳಿದರೂ ಕೊನೆಗೆ ಬರುವ ಪ್ರಶ್ನೆ ಒಂದೇ: “ಎಷ್ಟು ವಿಷಲ್?” ವಿಷಲ್ ಬರುವುದಿಲ್ಲ ಎಂದರೆ, ಹಾಗಾದರೆ ಗ್ಯಾಸ್ಕೆಟ್ ಹೋಗಿರಬೇಕು ಎಂದು ಸಮಾಧಾನ ಮಾಡುತ್ತಾರೆ.

ಹನ್ನೆರಡನೆಯವಳಾಗಿ ಬಂದವಳು ಚೈತನ್ಯಾ. ಕಾರ್ಕಳದ ಜೈನರ ಮನೆಯ ಹುಡುಗಿ, ಈರುಳ್ಳಿಯನ್ನೂ ತಿನ್ನದವಳು. ಅವಳ ಪಾಲಿಗೆ ಸಿಗಡಿ ಸಿಪ್ಪೆ ಹೇಗೆ ಬಂತೆಂದರೆ, ಅವಳು ಸೇರಿದ ವರ್ಷ ಪ್ರೊಫೆಸರ ಪಟ್ಟಿಯಲ್ಲಿ ಉಳಿದಿದ್ದ ವಿಷಯ ಅದೊಂದೇ. ಮನೆಯಲ್ಲಿ ಅಜ್ಜಿಗೆ “ಕೆಂಪು ಬಣ್ಣದ ಬಗ್ಗೆ ಓದುತ್ತಿದ್ದೇನೆ” ಎಂದು ಹೇಳಿದ್ದಳು. ಅದು ಸುಳ್ಳಲ್ಲ. ಆರು ವರ್ಷ ಅವಳು ಎರಡು ಮಾಸ್ಕ್ ಹಾಕಿಕೊಂಡು, ಮೂಗಿಗೆ ಕರ್ಪೂರ ಹಚ್ಚಿಕೊಂಡು, ಉಸಿರು ಬಿಗಿಹಿಡಿದು ದುಡಿದಳು. ಪ್ರೊಫೆಸರ್ ತಾರಾನಾಥರು ಆ ಕೋಣೆಯ ಬಾಗಿಲು ದಾಟಿ ಒಳಗೆ ಬಂದದ್ದನ್ನು ನಾನು ನೋಡಿಲ್ಲ. ಅವರೂ ಸಸ್ಯಾಹಾರಿ. ಸಿಗಡಿಯ ಮೇಲೆ ಹದಿನಾರು ಪ್ರಬಂಧ ಬರೆದಿದ್ದರು, ಒಂದು ಸಿಗಡಿಯನ್ನೂ ಮೂಸಿದವರಲ್ಲ.

ಚೈತನ್ಯಾಳಿಗೆ ಬೇಕಾಗಿದ್ದದ್ದು ಒಂದೇ: ಮೂರು ಸಲ ಮಾಡಿದಾಗ ಮೂರು ಸಲವೂ ಒಂದೇ ಉತ್ತರ. ಅದಿಲ್ಲದೆ ಪ್ರಬಂಧ ಇಲ್ಲ. ಮಾರ್ಚ್ ಮೂವತ್ತೊಂದಕ್ಕೆ ಅವಳ ನೋಂದಣಿ ರದ್ದಾಗುವುದರಲ್ಲಿತ್ತು, ಇನ್ನು ವಿಸ್ತರಣೆ ಇಲ್ಲ ಎಂದು ಕಾಗದವೂ ಬಂದಿತ್ತು. ಕಾರ್ಖಾನೆಗಳಿಂದ ಬರುವ ಸಿಪ್ಪೆ ದಾರಿಯಲ್ಲೇ ಕೊಳೆತು, ಇವತ್ತು ಒಂದು ಉತ್ತರ, ನಾಳೆ ಒಂದು ಉತ್ತರ. ಎಣ್ಣೆಯ ಬಣ್ಣ ಎಷ್ಟು ಗಾಢವೆಂದು ಅಳೆಯುವ ಪೆಟ್ಟಿಗೆಯೊಂದಿದೆ. ಅದಕ್ಕೆ ಬಣ್ಣ ಗೊತ್ತು, ಬಣ್ಣ ಯಾರದ್ದೆಂದು ಗೊತ್ತಿಲ್ಲ. ಜನವರಿಯ ಒಂದು ದಿನ ಆ ಪೆಟ್ಟಿಗೆಯ ಮುಂದೆ ಕುಳಿತು ಹುಡುಗಿ ಕಣ್ಣೊರೆಸಿಕೊಂಡದ್ದನ್ನು ನೋಡಿ ನನ್ನ ಬಾಯಿ ಸುಮ್ಮನಿರಲಿಲ್ಲ.

“ಮೇಡಂ, ಹೆಜಮಾಡಿಯಲ್ಲಿ ನನ್ನ ಅಕ್ಕನದ್ದು ಸಿಗಡಿ ಬಿಡಿಸುವ ಶೆಡ್ ಉಂಟು. ಬೆಳಿಗ್ಗೆ ಹಿಡಿದದ್ದು ಮಧ್ಯಾಹ್ನಕ್ಕೆ ಇಲ್ಲಿರ್ತದೆ. ಕೇಳ್ಲಾ?”

“ಕೇಳಿ ಕರುಣಾಕರಣ್ಣ,” ಎಂದಳು. “ದೇವರ ದಯೆಯಿಂದ ತಾಜಾ ಒಂದಿದ್ದರೆ ಸಾಕು.”

ಅಕ್ಕ ಎಂದರೆ ಸ್ವರ್ಣಲತಾ. ಊರಿಗೆಲ್ಲ ಸ್ವರ್ಣಕ್ಕ. ಹದಿನಾಲ್ಕು ಹೆಂಗಸರ ಶೆಡ್ಡಿಗೆ ಮೂವತ್ತು ವರ್ಷದಿಂದ ಅವಳದ್ದೇ ಯಜಮಾನಿಕೆ. ಅವಳ ಶೆಡ್ಡಿನಿಂದ ಹೊರಟ ಸರಕಿಗೆ ವಾಸನೆ ಬಂತು ಎಂದು ಇವತ್ತಿನವರೆಗೆ ಒಬ್ಬನೂ ಹೇಳಿಲ್ಲ, ಹೇಳಿದವನು ಉಳಿಯುತ್ತಲೂ ಇರಲಿಲ್ಲ. ನಾನು ಫೋನ್ ಮಾಡಿದೆ. ನಮ್ಮ ಮಾತು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿದ್ದೇನೆ.

“ಸಿಪ್ಪೆಯಾ? ಅದು ಅಂಗಾರನ ತೆಂಗಿನ ಬುಡಕ್ಕೆ ಹೋಗೂದಲ್ವಾ. ಕಾಲೇಜಿನವರಿಗೆ ಎಂತಕ್ಕೆ?”

“ಅದರಿಂದ ಬೆಲೆಬಾಳುವ ಎಣ್ಣೆ ತೆಗೀತಾರೆ ಅಕ್ಕ. ಒತ್ತಡ ಕೊಟ್ಟು.”

“ಎಷ್ಟು ವಿಷಲ್?”

ನಾನು ಫೋನ್ ಇಟ್ಟೆ.

ಮರುದಿನವೇ ಸಿಪ್ಪೆ ಬಂತು. ಸೀರೆ ಅಂಗಡಿಯ ಚೀಲದಲ್ಲಿ, ಬಾಳೆಲೆ ಸುತ್ತಿ, ಐಸಿನ ನಡುವೆ. ಇಷ್ಟು ಚೊಕ್ಕ ಸಿಪ್ಪೆಯನ್ನು ನಮ್ಮ ಪ್ರಯೋಗಾಲಯ ಕಂಡಿರಲಿಲ್ಲ. ಒಣಗಿಸಿ, ಪುಡಿ ಮಾಡಿ, ಯಂತ್ರಕ್ಕೆ ಹಾಕಿದೆವು. ಪೆಟ್ಟಿಗೆ ಕೊಟ್ಟ ಸಂಖ್ಯೆ ನೋಡಿ ಚೈತನ್ಯಾ ಪೆಟ್ಟಿಗೆಯ ಸ್ವಿಚ್ಚನ್ನೇ ಆರಿಸಿ ಮತ್ತೆ ಹಾಕಿದಳು. ಬೇರೆ ಊರಿನವರಿಗೆ ಬಂದದ್ದರ ಎರಡು ಪಟ್ಟು! ಎರಡನೇ ಸಲ ಮಾಡಿದೆವು, ಅದೇ ಉತ್ತರ. ಮೂರನೇ ಸಲವೂ ಅದೇ. ಹುಡುಗಿ ಎರಡು ಮಾಸ್ಕಿನೊಳಗೆ ನಕ್ಕಳು. ನನಗೆ ಆ ದಿನ ಊಟ ಸೇರಲಿಲ್ಲ, ಅಷ್ಟು ಖುಷಿ.

ಅಲ್ಲಿಂದ ಮುಂದೆ ನಡೆದದ್ದಕ್ಕೆ ತಾರಾನಾಥರೇ ಹೊಣೆ. ಮನುಷ್ಯ ಒಳ್ಳೆಯವರು, ಆದರೆ ಒಂದು ಸಂಖ್ಯೆ ಸಿಕ್ಕಿದರೆ ಅದಕ್ಕೊಂದು ಪುರಾಣ ಕಟ್ಟದೆ ನಿದ್ದೆ ಬಾರದು. ಮಟ್ಟುವಿನ ಮಣ್ಣಿನಲ್ಲಿ ಬೆಳೆದರೆ ಮಾತ್ರ ಗುಳ್ಳಬದನೆ ಗುಳ್ಳವಾಗುವಂತೆ, ಹೆಜಮಾಡಿಯ ನೀರಿನಲ್ಲಿ ಬೆಳೆದ ಸಿಗಡಿಗೆ ಮಾತ್ರ ಈ ಗುಣ ಎಂದು ಬರೆದರು. ಅದಕ್ಕೆ ‘ಹೆಜಮಾಡಿ ಪರಿಣಾಮ’ ಎಂದು ಹೆಸರಿಟ್ಟರು. ಶಾಂಭವಿ ನದಿ ಸಮುದ್ರ ಸೇರುವಲ್ಲಿ ಇಬ್ಬರು ವಿದ್ಯಾರ್ಥಿಗಳು ಮೂರು ದಿನ ಸೊಂಟದಷ್ಟು ನೀರಿನಲ್ಲಿ ನಿಂತು ಉಪ್ಪು ಅಳೆದರು. ಸಿಪ್ಪೆಗೆ ಹೊನ್ನಿನ ಛಾಯೆ ಇದೆ ಎಂದು ಪ್ರಬಂಧದಲ್ಲಿ ಸೇರಿತು. ಈ ಸಿಪ್ಪೆಯ ಮೇಲೆ ನೊಣ ಕೂರುವುದಿಲ್ಲ ಎಂಬುದೂ ಸೇರಿತು. ಅದನ್ನು ಸಾಬೀತು ಮಾಡಲು ಒಂದು ತಟ್ಟೆಯಲ್ಲಿ ಹೆಜಮಾಡಿಯ ಸಿಪ್ಪೆ, ಇನ್ನೊಂದರಲ್ಲಿ ಬೇರೆ ಊರಿನದ್ದು ಇಟ್ಟು ನಾನು ಇಡೀ ಬೆಳಿಗ್ಗೆ ನೊಣ ಎಣಿಸಿದೆ. ಸಂಬಳ ತೆಗೆದುಕೊಂಡ ಮೇಲೆ ಎಣಿಸಬೇಕಲ್ಲ.

ಹೆಜಮಾಡಿಯಲ್ಲಿ ಬ್ಯಾನರ್ ಬಿತ್ತು. ‘ವಿಶ್ವಕ್ಕೇ ಮಾದರಿಯಾದ ನಮ್ಮ ಸಿಪ್ಪೆ.’ ಮೊದಲು ಕಸವಾಗಿದ್ದದ್ದಕ್ಕೆ ಈಗ ಬೀಗ ಬಂತು, ಬೀಗಕ್ಕೆ ಕಾವಲು ಬಂತು. ಪಕ್ಕದ ಊರಿನವರು ತಮ್ಮ ಸಿಗಡಿಯನ್ನು ರಾತ್ರೋರಾತ್ರಿ ಹೆಜಮಾಡಿಯ ನೀರಿನಲ್ಲಿ ಅದ್ದಿ ಒಯ್ಯುತ್ತಾರೆ ಎಂಬ ಸುದ್ದಿ ಹಬ್ಬಿತು. ಗೊಬ್ಬರ ತಪ್ಪಿಹೋದ ಅಂಗಾರ ಮಾತ್ರ ಶೆಡ್ಡಿನ ಮುಂದೆ ನಿಂತು, ನನ್ನ ತೆಂಗಿನಮರಗಳು ಡಾಕ್ಟರೇಟ್ ಮಾಡಿಲ್ಲ ಎಂದು ಅವುಗಳಿಗೆ ಅನ್ಯಾಯ ಮಾಡಬಹುದಾ ಎಂದು ಕೇಳಿದ.

ಮಾರ್ಚ್ ಹನ್ನೆರಡು, ಶುಕ್ರವಾರ, ಸಾರ್ವಜನಿಕ ಮಂಡನೆ ಎಂದು ನಿಗದಿಯಾಯಿತು. ಅದಕ್ಕೆ ಮೊದಲಿನ ಭಾನುವಾರ ನಾನು ಅಕ್ಕನ ಮನೆಗೆ ಊಟಕ್ಕೆ ಹೋದೆ. ಅವಳು ಹಿತ್ತಲಿನಲ್ಲಿ ಕುಳಿತು ಕಾಲೇಜಿಗೆ ಕಳಿಸುವ ಸಿಪ್ಪೆ ತೊಳೆಯುತ್ತಿದ್ದಳು. ಮೂರು ನೀರು ತೆಗೆದಳು. ಕಲ್ಲುಪ್ಪು ಹಾಕಿದಳು. ಡಬ್ಬಿಯಿಂದ ಅರಶಿನ ತೆಗೆದು, ಒಂದು ಬುಟ್ಟಿಗೆ ಒಂದು ಮುಷ್ಟಿ, ತಿಕ್ಕಿ ತಿಕ್ಕಿ ಹಚ್ಚಿ ಅರ್ಧ ಗಂಟೆ ಇಟ್ಟಳು. ಮತ್ತೆ ಒಂದು ನೀರು. ನಾನು ಮೆಟ್ಟಿಲ ಮೇಲೆ ಕುಳಿತು ಇದನ್ನೆಲ್ಲ ಕಣ್ತುಂಬ ನೋಡಿದೆ. ಎಷ್ಟು ಶುದ್ಧದ ಹೆಂಗಸು ನನ್ನ ಅಕ್ಕ ಎಂದು ಹೆಮ್ಮೆಯೂ ಪಟ್ಟೆ. ಬುಟ್ಟಿ ಎತ್ತಿಡಲು ಕೈಜೋಡಿಸಿದೆ. ಉಂಡೆ, ಮಲಗಿ ಎದ್ದೆ, ಬಸ್ಸು ಹತ್ತಿದೆ.

ಕಾಪುವಿನಲ್ಲಿ ಇಳಿಯುವಾಗ ಬಸ್ಸಿನ ಕಂಬಿ ಹಿಡಿದ ನನ್ನ ಬೆರಳು ನೋಡಿದೆ. ಹಳದಿ. ಮಾರ್ಗದ ಬದಿಯಲ್ಲಿ ಹಾಗೇ ಕುಳಿತುಬಿಟ್ಟೆ.

ಹೇಗೆ ಗೊತ್ತಾಗಬೇಕಿತ್ತು ಹೇಳಿ? ನಾವು ಮೀನಿನವರು. ಹುಟ್ಟಿದಂದಿನಿಂದ ನಮ್ಮ ಮನೆಯಲ್ಲಿ ಮೀನು ಎಂದರೆ ಅರಶಿನ ಹಚ್ಚಿ ತೊಳೆದ ಮೀನು. ಆ ಎರಡೂ ವಾಸನೆಗಳು ನನ್ನ ಮೂಗಿಗೆ ಒಂದೇ ವಾಸನೆ. ತಾರಾನಾಥರಿಗೆ ಸಿಗಡಿಯ ವಾಸನೆಯೇ ಗೊತ್ತಿಲ್ಲ, ಎಲ್ಲ ಸಿಗಡಿಯೂ ಹೀಗೇ ಎಂದುಕೊಂಡರು. ಚೈತನ್ಯಾ ಆರು ವರ್ಷ ಮೂಗು ಮುಚ್ಚಿಕೊಂಡಿದ್ದಳು. ಒಂದು ಮೂಗಿಗೆ ಅಭ್ಯಾಸವಾಗಿತ್ತು, ಒಂದಕ್ಕೆ ಗೊತ್ತಿರಲಿಲ್ಲ, ಒಂದು ಮುಚ್ಚಿತ್ತು. ಪೆಟ್ಟಿಗೆ ಪಾಪ, ಹಳದಿಯನ್ನೂ ಕೆಂಪಿನ ಲೆಕ್ಕಕ್ಕೆ ಸೇರಿಸಿ ಒಟ್ಟು ಹೇಳಿತು. ಮೂರು ಸಲವೂ ಒಂದೇ ಉತ್ತರ ಬಂದದ್ದಕ್ಕೆ ಸಮುದ್ರ ಕಾರಣವಲ್ಲ, ಮೂವತ್ತು ವರ್ಷದಲ್ಲಿ ಒಂದು ಚಿಟಿಕೆಯೂ ಹೆಚ್ಚುಕಡಿಮೆಯಾಗದ ಅಕ್ಕನ ಮುಷ್ಟಿ ಕಾರಣ.

ಎರಡು ದಿನ ನಾನು ಬಾಯಿ ಬಿಡಲಿಲ್ಲ. ನಾನು ಹೇಡಿ ಎಂದು ಬೇಕಾದರೆ ಬರೆದುಕೊಳ್ಳಿ. ಬುಧವಾರ ಅವಳು ನಗುನಗುತ್ತಾ, “ಶುಕ್ರವಾರ ನಮ್ಮಜ್ಜಿಯೂ ಬರ್ತಾರೆ ಕರುಣಾಕರಣ್ಣ, ಸಿಗಡಿ ಅಂತ ಹೇಳ್ಬೇಡಿ,” ಎಂದಾಗ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ.

ಅವಳು ಮೊದಲು ನಕ್ಕಳು. ಆಮೇಲೆ ಒಂದು ಸೀಸೆ ತೆಗೆದು, ಮಾಸ್ಕ್ ಇಳಿಸಿ, ಆರು ವರ್ಷದಲ್ಲಿ ಮೊದಲ ಸಲ ಮೂಸಿದಳು. “ಇದು ನಮ್ಮಮ್ಮ ಗಾಯಕ್ಕೆ ಹಚ್ಚುವ ವಾಸನೆ,” ಎಂದಳು. ಆಮೇಲೆ ಅತ್ತಳು. ತಾರಾನಾಥರ ಬಳಿ ಹೋಗಿ ಬಂದಳು. “ಮಂಡನೆ ಮುಗಿಯಲಿ, ಅರಶಿನದ ವಿಷಯ ಆಮೇಲೆ ನೋಡುವ ಅಂತಾರೆ,” ಎಂದಳು.

ಶುಕ್ರವಾರ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಜ್ಜಿ. ಅವರ ಪಕ್ಕದಲ್ಲಿ, ಪಟ್ಟೆಸೀರೆ ಉಟ್ಟು ಮಲ್ಲಿಗೆ ಮುಡಿದು, ನನ್ನ ಅಕ್ಕ. ಹೆಜಮಾಡಿ ಪರಿಣಾಮಕ್ಕೆ ಸಿಪ್ಪೆ ಒದಗಿಸಿದವಳೆಂದು ಅವಳಿಗೆ ಶಾಲು ಹೊದೆಸುವುದಿತ್ತು. ಪರೀಕ್ಷಕರಾಗಿ ಬಂದವರು ಮಂಗಳೂರು ಕಡೆಯ ವ್ಯಾಲೆಂಟೈನ್ ಎಂಬ ವಿಜ್ಞಾನಿ. ದುಂಡಗಿನ ಮನುಷ್ಯ, ಕೊಂಕಣಿ ಮನೆಯವರು, ಊಟದ ವಿಷಯದಲ್ಲಿ ಪಳಗಿದವರು ಎಂದು ನೋಡಿದರೇ ಗೊತ್ತಾಗುತ್ತಿತ್ತು. ತಾರಾನಾಥರು ಎಣ್ಣೆಯ ಸೀಸೆಯನ್ನು ಅವರ ಕೈಗಿತ್ತರು. ಅವರು ಮುಚ್ಚಳ ತೆಗೆದರು, ಮೂಗಿನ ಹತ್ತಿರ ತಂದರು, ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ.

“ಇದಕ್ಕೆ ಸ್ವಲ್ಪ ಮೆಣಸಿನ ಹುಡಿ ಹಾಕಿದ್ರೆ ಸೀದಾ ಹುರಿಯುವ ಕಾವಲಿಗೆ ಬಿಡಬಹುದು,” ಎಂದರು.

“ಅದು ಹೆಜಮಾಡಿಯ ಸಹಜ ಪರಿಮಳ,” ಎಂದರು ತಾರಾನಾಥರು.

“ಸಹಜವೇ ಸರ್. ನಮ್ಮ ಅಮ್ಮನ ಅಡುಗೆಮನೆಯಲ್ಲೂ ಇದೇ ಪರಿಮಳ.” ವ್ಯಾಲೆಂಟೈನ್ ಹುಡುಗಿಯ ಕಡೆ ತಿರುಗಿದರು. “ನೀವು ಹೇಳಿ. ಒಣಗಿಸುವ ಮೊದಲು ಈ ಸಿಪ್ಪೆಗೆ ಏನು ಮಾಡಿದ್ದು?”

ತಾರಾನಾಥರು “ತೊಳೆದದ್ದು” ಎಂದು ತಾವೇ ಹೇಳಿದರು. ಚೈತನ್ಯಾ ಎದ್ದು ನಿಂತಳು. ಒಮ್ಮೆ ಅಜ್ಜಿಯನ್ನು, ಒಮ್ಮೆ ಅಕ್ಕನನ್ನು ನೋಡಿದಳು. ಅಷ್ಟು ಹೊತ್ತು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವಳು ಕನ್ನಡಕ್ಕೆ ಬಂದಳು.

“ಅರಶಿನ ಹಾಕಿ ತೊಳೆದದ್ದು ಸರ್. ಎರಡು ಪಟ್ಟು ಬಂದದ್ದು ಅರಶಿನದ ಬಣ್ಣ ಸೇರಿ. ಸಿಗಡಿಯನ್ನು ತೊಳೆಯಬೇಕಾದದ್ದೇ ಹಾಗೆ, ಸ್ವರ್ಣಕ್ಕ ಸರಿಯಾಗಿಯೇ ತೊಳೆದಿದ್ದಾರೆ. ಹೇಗೆ ತೊಳೀತೀರಿ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಮೂಗು ಮುಚ್ಚಿಕೊಂಡಿದ್ದೆ. ತಪ್ಪು ನನ್ನದು.”

ಹಿಂದಿನ ಸಾಲಿನಲ್ಲಿ ಒಬ್ಬ ನಕ್ಕ, ಆಮೇಲೆ ಇಡೀ ಸಭಾಂಗಣ ನಕ್ಕಿತು. ತಾರಾನಾಥರು ಶಾಲನ್ನು ಮೆಲ್ಲಗೆ ಮೇಜಿನ ಕೆಳಗೆ ಇಟ್ಟರು. ಅಜ್ಜಿ, “ಸಿಗಡಿ ಅಂದರೆ?” ಎಂದು ಪಕ್ಕದಲ್ಲಿದ್ದ ಅಕ್ಕನನ್ನೇ ಕೇಳಿದರು. ಅಕ್ಕನ ಮುಖ ಕೆಂಪಾಗಿತ್ತು.

ವ್ಯಾಲೆಂಟೈನ್ ಮಾತ್ರ ನಗಲಿಲ್ಲ. ಮಾರ್ಚ್ ಮೂವತ್ತೊಂದರೊಳಗೆ, ಅದೇ ಶೆಡ್ಡಿನ, ಅರಶಿನ ಮುಟ್ಟದ ಸಿಪ್ಪೆಯಿಂದ ಮೂರು ಸಲ ಒಂದೇ ಉತ್ತರ ಬಂದರೆ, ಅದು ಎಷ್ಟು ಕಡಿಮೆಯಾದರೂ ಸಹಿ ಹಾಕುತ್ತೇನೆ ಎಂದರು. ಹೋಗುವಾಗ ಸೀಸೆಯನ್ನು ಇನ್ನೊಮ್ಮೆ ಮೂಸಿದರು.

ಈಗ ಅಕ್ಕನನ್ನು ಒಪ್ಪಿಸಬೇಕಿತ್ತು.

“ಆಗೂದಿಲ್ಲ,” ಎಂದಳು ಅಕ್ಕ. “ತೊಳೆಯದ್ದನ್ನು ಕೊಡ್ಲಿಕ್ಕೆ ನನಗೆ ಮರ್ಲಾ? ಮನೆ ಬೆಕ್ಕಿಗೂ ನಾನು ತೊಳೆದೇ ಹಾಕೂದು.”

“ನೀರಿನಲ್ಲಿ ತೊಳಿ ಅಕ್ಕ. ಅರಶಿನ ಮಾತ್ರ ಬೇಡ.”

“ಅರಶಿನ ಇಲ್ಲದ್ದು ತೊಳೆದದ್ದಾ? ಅರಶಿನ ಹಾಕಿ ಹಾಳಾದ್ದು ಎಂತಾದ್ರೂ ಉಂಟಾ ಲೋಕದಲ್ಲಿ? ಅಷ್ಟು ಜನ ನಕ್ಕರು ಮಾರಾಯ. ಇನ್ನು ವಾಸನೆ ಬರುವ ಎಟ್ಟಿ ಸಿಪ್ಪೆಯನ್ನೂ ಕಳಿಸಿದ್ಲು ಹೆಜಮಾಡಿ ಸ್ವರ್ಣ ಅಂತ ಹೇಳ್ಲಿಕ್ಕಾ?”

ನಾನು ದಿನಾ ಫೋನ್ ಮಾಡಿದೆ. ಅವಳು ದಿನಾ ಬೈದಳು. ಬೇರೆ ಶೆಡ್ಡಿನದ್ದು ತಂದರೆ ಲೆಕ್ಕಕ್ಕಿಲ್ಲ. ಒಂದು ಸಲದ ಕೆಲಸಕ್ಕೆ ಒಂದು ದಿನ ಬೇಕು. ಚೈತನ್ಯಾ ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಹೊಡೆದುಹಾಕುತ್ತಿದ್ದಳೇ ಹೊರತು ಅಕ್ಕನ ಬಗ್ಗೆ ಒಂದು ಮಾತು ಆಡಲಿಲ್ಲ. ಇಪ್ಪತ್ತಾರರ ಸಂಜೆ ನನಗೆ ಸಿಟ್ಟು ಬಂತು. ಫೋನಿನಲ್ಲಿ ಕೂಗಿಯೇ ಬಿಟ್ಟೆ: “ಅಷ್ಟು ಜನರ ಎದುರು ಆ ಮಗು ನಿನ್ನನ್ನು ಬಿಟ್ಟುಕೊಡಲಿಲ್ಲ ಅಕ್ಕ. ಅರಶಿನದವಳ ತಪ್ಪು ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು. ತಪ್ಪು ನನ್ನದು ಅಂದಳು. ನಿನಗೆ ನಿನ್ನ ಮರ್ಯಾದೆ ದೊಡ್ಡದಾ?” ಹಾಗೆಂದು ನಾನೇ ಫೋನ್ ಇಟ್ಟೆ.

ಮರುದಿನ ಬೆಳಿಗ್ಗೆ ಕಾಪುವಿನಲ್ಲಿ ಎಂದಿನಂತೆ ಉಡುಪಿಯ ಬಸ್ಸಿಗೆ ಕಾದೆ. ಹತ್ತೊಂಬತ್ತು ವರ್ಷ ನಾನು ಆ ಬಸ್ಸಿನಲ್ಲಿ ಒಂಟಿಕಾಲಿನಲ್ಲಿ ನಿಂತೇ ಹೋದವನು. ಅಂದು ಬಸ್ಸು ಬಂದು ನಿಂತಿತು, ಪೂರ್ತಿ ಖಾಲಿ. ಜನರೆಲ್ಲ ಹಿಂದಿನ ಸ್ಟಾಪುಗಳಲ್ಲೇ ಇಳಿದುಹೋಗಿದ್ದರು. ಡ್ರೈವರ್ ತಲೆಯನ್ನು ಕಿಟಕಿಯ ಹೊರಗಿಟ್ಟು ಓಡಿಸುತ್ತಿದ್ದ. ಕಂಡಕ್ಟರ್ ಹೆಗಲ ಮೇಲಿನ ಬೈರಾಸನ್ನು ಮೂಗಿಗೆ ಕಟ್ಟಿಕೊಂಡು ಹಿಂದಿನ ಮೆಟ್ಟಿಲಲ್ಲಿ ನೇತಾಡುತ್ತಿದ್ದ. ಮುಂದಿನ ಸೀಟಿನಲ್ಲಿ, ಕಾಲುಗಳ ನಡುವೆ ದೊಡ್ಡ ಬಕೆಟ್ ಇಟ್ಟುಕೊಂಡು, ಸೆರಗಿನಿಂದ ಮುಖ ಮುಚ್ಚಿಕೊಂಡು ಅಕ್ಕ ಕುಳಿತಿದ್ದಳು.

ನಾನು ಹತ್ತಿದ್ದೇ ತಡ, ನನ್ನ ಹೊಟ್ಟೆಯಲ್ಲಿದ್ದ ತಿಂಡಿ ಇಳಿಯುತ್ತೇನೆ ಎಂದಿತು. ಆಗ ಗೊತ್ತಾಯಿತು, ಐವತ್ತು ವರ್ಷ ಮೀನಿನ ನಡುವೆ ಬದುಕಿದರೂ ಅಕ್ಕನ ಶೆಡ್ಡಿನ ಸಿಗಡಿಯ ನಿಜವಾದ ವಾಸನೆ ನಾನು ಕಂಡಿರಲಿಲ್ಲ.

“ಇಳಿಸಿಬಿಡ್ತೇನೆ ಅಂದ ಇವನು,” ಎಂದು ಅಕ್ಕ ಸೆರಗಿನ ಒಳಗಿಂದಲೇ ಕಂಡಕ್ಟರನನ್ನು ತೋರಿಸಿದಳು. “ನಾನು ಹೇಳಿದೆ, ಬೇಕಂತಲೇ ತೊಳೀಲಿಲ್ಲ ಮಾರಾಯ, ಇದು ಪರೀಕ್ಷೆಗೆ. ಒಂದು ಬಸ್ಸು ಜನ ನನ್ನ ಮುಖ ನೋಡಿದ್ರು ಕರುಣ. ಎಲ್ಲ ಗುರ್ತದವರು.” ಇವಳಿಗೆ ಹಿಂದಿನ ದಿನ ಅಷ್ಟು ಜೋರು ಮಾತಾಡಿದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಪಕ್ಕದಲ್ಲಿ ಕುಳಿತೆ.

ಉಡುಪಿಯಿಂದ ಮಣಿಪಾಲಕ್ಕೆ ಯಾವ ಬಸ್ಸಿನವನೂ ಹತ್ತಿಸಲಿಲ್ಲ. ಬಕೆಟಿಗೆ ಆಚೆ ಒಂದು ಕೈ, ಈಚೆ ಒಂದು ಕೈ ಹಾಕಿ ಏರುದಾರಿ ನಡೆದೆವು. ಕಾಲೇಜಿನ ಗೇಟಿನ ಹತ್ತಿರ ಚೈತನ್ಯಾ ಓಡಿ ಬಂದಳು. ಮಾಸ್ಕ್ ಇರಲಿಲ್ಲ. ಬಕೆಟಿನ ಮುಂದೆ ಒಂದು ಕ್ಷಣ ನಿಂತಳು, ಕಣ್ಣಲ್ಲಿ ನೀರು ಬಂತು, ಅದು ಯಾವ ನೀರೋ ಹೇಳಲಾರೆ. ಮೂಗು ಮುಚ್ಚಲಿಲ್ಲ. ಎರಡೂ ಕೈಯಿಂದ ಬಕೆಟ್ ಎತ್ತಿ ಎದೆಗೊತ್ತಿಕೊಂಡು ಒಳಗೆ ನಡೆದಳು.

“ಮಗಾ, ಬಟ್ಟೆಗೆ ಹಿಡೀತದೆ,” ಎಂದಳು ಅಕ್ಕ.

“ಹಿಡೀಲಿ ಸ್ವರ್ಣಕ್ಕ,” ಎಂದಳು.

ಮೂರು ದಿನ ಅಕ್ಕ ಊರಿಗೆ ಹೋಗಲಿಲ್ಲ. ಕಾಪುವಿನ ನಮ್ಮ ಮನೆಯಿಂದ ದಿನಾ ನನ್ನೊಂದಿಗೆ ಬಂದು ಯಂತ್ರದ ಎದುರು ಸ್ಟೂಲ್ ಹಾಕಿ ಕುಳಿತಳು. ವಿಷಲ್ ಬರುವುದಿಲ್ಲ ಎಂದು ಎಷ್ಟು ಹೇಳಿದರೂ ಕಿವಿ ಅತ್ತಲೇ ಇತ್ತು. ಮೊದಲ ದಿನದ ಉತ್ತರ ಹಿಂದಿನದ್ದರ ಅರ್ಧ. ಎರಡನೇ ದಿನವೂ ಅಷ್ಟೇ. ಮೂರನೇ ದಿನ ಪೆಟ್ಟಿಗೆಯಲ್ಲಿ ಮತ್ತೆ ಅದೇ ಅರ್ಧ ಮೂಡಿದಾಗ ಚೈತನ್ಯಾ ನೆಲದ ಮೇಲೆ ಕುಳಿತು ಜೋರಾಗಿ ಅತ್ತಳು.

“ಕಡಿಮೆ ಬಂತಾ?” ಅಕ್ಕ ಗಾಬರಿಯಿಂದ ಕೇಳಿದಳು.

“ಕಡಿಮೆ ಬಂತು ಸ್ವರ್ಣಕ್ಕ.”

“ಫೇಲಾ?”

“ಪಾಸು.”

ಅಕ್ಕನಿಗೆ ಅರ್ಥವಾಯಿತೋ ಇಲ್ಲವೋ, ಎದ್ದು ಸೆರಗು ಸಿಕ್ಕಿಸಿದಳು. “ಹಾಗಾದ್ರೆ ಆ ಬಕೆಟ್ ಇತ್ತ ಕೊಡಿ,” ಎಂದಳು. ಸೊಂಟದಲ್ಲಿ ಸಿಕ್ಕಿಸಿದ್ದ ಪೊಟ್ಟಣ ಬಿಚ್ಚಿ, ಪ್ರಯೋಗಾಲಯದ ಸಿಂಕಿನಲ್ಲಿ ಬಕೆಟ್ ಇಟ್ಟು, ಒಂದು ಮುಷ್ಟಿ ಅರಶಿನ ಹಾಕಿ ತಿಕ್ಕತೊಡಗಿದಳು. ಬಕೆಟ್ ತಿಕ್ಕಿದಳು, ಸಿಂಕ್ ತಿಕ್ಕಿದಳು, ನಲ್ಲಿ ತಿಕ್ಕಿದಳು. ಕೊನೆಗೆ ಚೈತನ್ಯಾಳ ಎರಡೂ ಕೈಗಳನ್ನು ಹಿಡಿದುಕೊಂಡು, ಬೆರಳು ಬೆರಳು ಬಿಡಿಸಿ ತಿಕ್ಕಿ ತೊಳೆದಳು. ಡಾಕ್ಟರ್ ಹುಡುಗಿ ಸಣ್ಣ ಮಗುವಿನ ಹಾಗೆ ನಿಂತಿದ್ದಳು.

ಆ ಸಿಂಕಿನಲ್ಲಿ ಹಳದಿ ಕಲೆ ಈಗಲೂ ಇದೆ. ಉಜ್ಜಿ ತೆಗೆಯಿರಿ ಎಂದು ತಾರಾನಾಥರು ನನಗೆ ನಾಲ್ಕು ಸಲ ಹೇಳಿದ್ದಾರೆ. ನಾನು ಉಜ್ಜಿಲ್ಲ.